ಗಿಡುಗ ಬಂತು, ಗಿಡುಗ ಬರಲಿಲ್ಲ

ಮಣ್ಣಿನ ಚಟ್ಟಿಯನ್ನು ಪೇರಳೆ ಮರಕ್ಕೆ ಕಟ್ಟಿದವನು ನಾನೇ. ಬೇಸಿಗೆ ಬಂದ ಕೂಡಲೇ ವಾಟ್ಸಾಪ್ ತುಂಬ "ಹಕ್ಕಿಗಳಿಗೆ ನೀರಿಡಿ" ಅಂತ ಬರುತ್ತದಲ್ಲ, ಅದನ್ನು ಓದಿ. ಮಂಗಳೂರಿನಲ್ಲಿರುವ ತಂಗಿಯ ಮಗ ಅವನ ಹಳೇ ಬೈನಾಕ್ಯುಲರನ್ನು ನನಗೆ ದಾಟಿಸಿ ಹೋಗಿದ್ದ. ಬೈನಾಕ್ಯುಲರ್ ಇದ್ದ ಮೇಲೆ ಹಕ್ಕಿ ಬೇಡವಾ?

ನಮ್ಮ ಕಾಸರಗೋಡಿಗೆ ಅಂತ ಘೋಷಣೆಯಾದ ಜಿಲ್ಲಾ ಪಕ್ಷಿಯೇ ಒಂದು ಉಂಟು, ಬಿಳಿ ಹೊಟ್ಟೆಯ ಕಡಲ ಹದ್ದು. ಆದರೆ ಅದಕ್ಕೆ ಕಡಲು ಬೇಕು, ಮೀನು ಬೇಕು. ಬದಿಯಡ್ಕದ ಒಳಗಿನ ನಮ್ಮ ಅಡಿಕೆ ತೋಟಕ್ಕೆ ಅದು ಯಾಕೆ ಬರುತ್ತದೆ? ನನ್ನ ಪುಸ್ತಕದಲ್ಲಿ ಮೊದಲ ವಾರ ಬರೆದದ್ದು ಕಾಗೆ, ಕಾಗೆ, ಕೆಂಬೂತ, ಪುನಃ ಕಾಗೆ.

ಬೇಸಿಗೆಯಿಡೀ ಚಟ್ಟಿಯ ನೀರು ಬದಲಿಸಿದೆ. ಮಳೆ ಹಿಡಿದ ಮೇಲೆ ಅದೇ ತುಂಬಿಸುತ್ತದೆ ಅಂತ ಸುಮ್ನೆ ಬಿಟ್ಟೆ.

ಜೂನಿನಲ್ಲಿ ಒಂದು ಬೆಳಗ್ಗೆ ಏಳಲು ನೋಡಿದರೆ ಕಾಲು ಮಾತು ಕೇಳಲಿಲ್ಲ. ಜ್ವರ, ಗಂಟುಗಂಟಿನಲ್ಲಿ ನೋವು. ರಕ್ತ ನೋಡಿ ಚಿಕುನ್‌ಗುನ್ಯಾ ಅಂದರು. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದ್ದು. ಮೈಯನ್ನು ಬಗ್ಗಿಸಿಬಿಡುವಂಥದ್ದು ಅಂತ ಅರ್ಥ. 1952ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಇದು ಮೊದಲು ಕಾಣಿಸಿಕೊಂಡದ್ದಂತೆ. ಹೆಸರಿಟ್ಟವರು ನಾನು ಮಂಚದಿಂದ ಬಚ್ಚಲಿಗೆ ಹೋಗುವುದನ್ನು ಕಂಡೇ ಇಟ್ಟ ಹಾಗಿದೆ.

ಎರಡು ದಿನ ಕಳೆದು ಆಶಾ ಕಾರ್ಯಕರ್ತೆ ಬಂದರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಕೊಡೆಯ ತುದಿಯಿಂದ ಮಗುಚಿ ಹಾಕುತ್ತಾ ಪೇರಳೆ ಮರದ ಹತ್ತಿರ ನಿಂತರು. ಚಟ್ಟಿಗೆ ಇಣುಕಿದರು. "ಚೇಟ್ಟಾ, ಕೂತ್ತಾಡಿ!" ಅಂದರು. ಮಲಯಾಳದಲ್ಲಿ ಹಾಗೆಂದರೆ ನುಸಿಯ, ಅಂದರೆ ಸೊಳ್ಳೆಯ ಮರಿ. ನೀರಿನಲ್ಲಿ ಸಣ್ಣ ಸಣ್ಣ ಹುಳಗಳು ಸೊಂಟ ಕುಣಿಸುತ್ತಾ ಮೇಲೆ ಕೆಳಗೆ ಹೋಗುತ್ತಿದ್ದವು. ವಾರ ಹತ್ತು ದಿನದಲ್ಲಿ ಅವೇ ರೆಕ್ಕೆ ಕಟ್ಟಿಕೊಂಡು, ಹಗಲು ಹೊತ್ತಿನಲ್ಲೇ ನಮ್ಮ ಕಾಲು ಹುಡುಕಿಕೊಂಡು ಬರುತ್ತವೆ.

"ನೀವು ಹಕ್ಕಿ ಸಾಕಿದ್ದಲ್ಲ ಮಾರಾಯ್ರೆ, ನುಸಿ ಸಾಕಿದ್ದು" ಅಂತ ಹೇಳಿ ಹೆಂಡತಿ ಚಟ್ಟಿಯನ್ನು ಕವುಚಿ ಹಾಕಿದಳು.

ಜ್ವರ ಒಂದು ವಾರಕ್ಕೆ ಇಳಿಯಿತು. ಗಂಟು ನೋವು ಮಾತ್ರ ಮನೆಯ ನೆಂಟನ ಹಾಗೆ ಕೂತುಬಿಟ್ಟಿತು. ನೆರೆಯವರು ಪಪ್ಪಾಯಿ ಎಲೆಯ ರಸ ತಂದುಕೊಟ್ಟರು. ಅದು ಡೆಂಗಿಗೆ ಕುಡಿಯುವುದಲ್ವಾ ಅಂದರೆ, ಎರಡೂ ಒಂದೇ ನುಸಿ ಅಂದರು. ವಾದ ಮಾಡಲು ತ್ರಾಣ ಇರಲಿಲ್ಲ. ಕುಡಿದೆ. ಅದರ ಕಹಿಗೆ ಗಂಟು ನೋವು ಐದು ನಿಮಿಷ ಮರೆತುಹೋದದ್ದು ನಿಜ.

ನಡೆಯಲಾಗದವನಿಗೆ ಜಗಲಿಯಲ್ಲಿ ಒಂದು ಕೆಲಸ ಸಿಕ್ಕಿತು. ನಮ್ಮ ಬೊಳ್ಳಿ ಕೋಳಿ 13 ಮೊಟ್ಟೆಗೆ ಕಾವು ಕೂತು, 21 ದಿನಕ್ಕೆ 11 ಮರಿ ಎಬ್ಬಿಸಿತ್ತು. ಅವುಗಳನ್ನು ಕಾಯುವುದು. ಹೇಗೂ ಆಕಾಶವನ್ನೇ ನೋಡುತ್ತೀರಲ್ಲ, ಗಿಡುಗವನ್ನೂ ನೋಡಿ ಅಂದಳು ಹೆಂಡತಿ.

ಮೊದಲ ದಿನವೇ ಹಲಸಿನ ಮರದಿಂದ "ಟಿಟ್ಯೂ, ಟಿಟ್ಯೂ" ಅಂತ ಕೇಳಿತು. ಶಿಕ್ರ! ಪಾರಿವಾಳದಷ್ಟೇ ದೊಡ್ಡ ಗಿಡುಗ, ಮರಿ ಎತ್ತುವುದರಲ್ಲಿ ನಿಪುಣ. ನಾನು ಬೊಬ್ಬೆ ಹೊಡೆದೆ. ಹೆಂಡತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮರದಲ್ಲಿ ಕೂತದ್ದು ಭೀಮರಾಜ. ಮೈಯೆಲ್ಲ ಕಪ್ಪು, ಬಾಲದ ಹಿಂದೆ ಎರಡು ಉದ್ದದ ಗರಿ, ತುದಿಯಲ್ಲಿ ಚಮಚದ ಹಾಗೆ ಅಗಲ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ಈ ಆಸಾಮಿ ಪಳಗಿದವನು, ಶಿಕ್ರದ ಕೂಗನ್ನೂ ಬಿಡುವುದಿಲ್ಲ. ಮಲಯಾಳದಲ್ಲಿ ಕಾಡುಮುಳಕ್ಕಿ ಅನ್ನುತ್ತಾರೆ, ಕಾಡನ್ನೇ ಮೊಳಗಿಸುವವನು.

ಮೂರು ದಿನ ಹೀಗೇ ಆಯಿತು. ನಾನು ಬೊಬ್ಬೆ ಹೊಡೆಯುವುದು, ಅವಳು ಓಡಿ ಬರುವುದು, ಭೀಮರಾಜ ಬಾಲ ಕುಣಿಸುತ್ತಾ ಹಾರಿಹೋಗುವುದು. ಒಂದು ದಿನ ಒಗ್ಗರಣೆ ಸೀದುಹೋಯಿತು. ಆ ದಿನದ ಸಾರಿನ ವಿಷಯ ಬರೆಯುವುದಿಲ್ಲ.

ನಾಲ್ಕನೇ ದಿನ ಪುನಃ "ಟಿಟ್ಯೂ". ಈ ಸಲ ಹೆಂಡತಿಯೇ ಬಾಗಿಲಿಗೆ ಬಂದು, "ಎಂತದದು?" ಅಂದಳು. ನಾನು ಕಾಲು ನೀವಿಕೊಳ್ಳುತ್ತಾ, ತಲೆ ಎತ್ತದೆ, "ಭೀಮರಾಜ, ಅನುಕರಣೆ" ಅಂದೆ. ಅದೇ ಹೊತ್ತಿಗೆ ಬೊಳ್ಳಿ ಕತ್ತು ವಾಲಿಸಿ ಒಂದು ಕಣ್ಣನ್ನು ಆಕಾಶಕ್ಕೆ ಇಟ್ಟು, ಗಂಟಲಲ್ಲೇ "ಕ್ರ್‌ರ್‌ರ್" ಅಂತ ಎಳೆಯಿತು. ಮರಿಗಳು ಕೆಸುವಿನ ಎಲೆಯ ಅಡಿಗೆ ನುಗ್ಗಿದವು. ಹತ್ತು ನುಗ್ಗಿದವು. ಒಂದು ಬೂದು ಗೆರೆ ಅಂಗಳವನ್ನು ಗೀರಿ ಹೋದ ಹಾಗಾಯಿತು.

"ಅನುಕರಣೆಯಾ?" ಅಂದಳು ಹೆಂಡತಿ.

ಕೋಳಿಗೆ ಎರಡು ಬಗೆಯ ಕೂಗು ಉಂಟು ಅಂತ ನನಗೆ ಗೊತ್ತಾದದ್ದು ಆಮೇಲೆ. ಕೀರಿ, ನಾಯಿ ಹಾಗೆ ನೆಲದಲ್ಲಿ ಬರುವುದಕ್ಕೆ "ಕೊಕ್ ಕೊಕ್ ಕೊಕ್ಕೋ" ಅಂತ ಗಲಾಟೆ, ಮೇಲಿನಿಂದ ಬರುವುದಕ್ಕೆ ಆ ಎಳೆದ ದನಿ. ಈಗ "ಟಿಟ್ಯೂ" ಕೇಳಿದರೆ ನಾನು ಮರ ನೋಡುವುದಿಲ್ಲ, ಬೊಳ್ಳಿಯನ್ನು ನೋಡುತ್ತೇನೆ. ಅದು ಎಳೆದರೆ ಶಿಕ್ರ ಅಂತ ಬರೆಯುತ್ತೇನೆ. ಕೆದಕುತ್ತಲೇ ಇದ್ದರೆ ಭೀಮರಾಜ.

ಮೊನ್ನೆ ಫೋನಿನಲ್ಲಿ ತಂಗಿಯ ಮಗನಿಗೆ ಪಟ್ಟಿ ಓದಿ ಹೇಳಿದೆ. "ಮಾವ, ಅವೆರಡರ ದನಿ ನಮಗೇ ಕನ್ಫ್ಯೂಸ್ ಆಗ್ತದೆ. ನೀವು ಹೇಗೆ ಗುರುತಿಸ್ತೀರಿ?" ಅಂದ.

ಅನುಭವ ಅಂದೆ. ಅಡುಗೆಕೋಣೆಯಿಂದ ಹೆಂಡತಿ ಕೆಮ್ಮಿದ್ದು ಅವನಿಗೂ ಕೇಳಿಸಿರಬೇಕು.