ದಾಖಲೆಗೆ ಬೀಗ ಬೇಕೇ? ಪಾಸ್‌ವರ್ಡ್, ಅನುಮತಿ, ಡಿಜಿಟಲ್ ಸಹಿಯ ಪರ-ವಿರೋಧ

ಪ್ರಶ್ನೆ: ಮುಖ್ಯವಾದ ಪ್ರತಿ ಎಲೆಕ್ಟ್ರಾನಿಕ್ ದಾಖಲೆಗೂ ಪಾಸ್‌ವರ್ಡ್ ಹಾಕಿ, ಅನುಮತಿಗಳನ್ನು ಬಿಗಿ ಮಾಡಿ, ಡಿಜಿಟಲ್ ಸಹಿ ಹಾಕಿಯೇ ಕಳಿಸಬೇಕೇ?

ಪರ: ಹೊರಗೆ ಹೋಗುವ ಫೈಲ್ ಹಾಗೇ ಹೋಗಬಾರದು

ಒಂದು ಒಪ್ಪಂದದ ಕರಡನ್ನು ವರ್ಡ್ ಫೈಲ್‌ನಲ್ಲಿ ಕಳಿಸಿದ್ದೆ. ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು ಅಂತ ಅದರಲ್ಲಿತ್ತು. ಒಂದು ವಾರ ಬಿಟ್ಟು ಅದೇ ಫೈಲ್ ಸಹಿಗೆ ಅಂತ ವಾಪಸ್ ಬಂತು. ಹೆಸರು ಅದೇ, ಅಕ್ಷರ ಅದೇ, ಪುಟಗಳೂ ಅಷ್ಟೇ. ಮತ್ತೆ ಓದದೆ ಸಹಿ ಮಾಡಿಬಿಟ್ಟೆ. ಹಣ ಕೇಳಲು ಹೋದಾಗ ನೋಡಿದರೆ 30 ಇದ್ದದ್ದು 90 ಆಗಿತ್ತು. ಯಾರು ಬದಲಿಸಿದರು, ಯಾವಾಗ ಬದಲಿಸಿದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ. ಬೇಕಂತಲೇ ಮಾಡಿದರೋ, ಹಳೆಯ ಯಾವುದೋ ಕರಡಿನಿಂದ ಬಂದು ಸೇರಿತೋ, ಅದೂ ಗೊತ್ತಿಲ್ಲ. ಒಂದೇ ಒಂದು ಅಂಕಿ. ಎರಡು ತಿಂಗಳು ನಾನು ಸಾಲ ಮಾಡಿ ಕೆಲಸದವರಿಗೆ ಸಂಬಳ ಕೊಟ್ಟೆ.

ಕಾಗದದ ಮೇಲೆ ತಿದ್ದಿದರೆ ಗುರುತು ಉಳಿಯುತ್ತದೆ. ಶಾಯಿ ಬೇರೆ ಕಾಣುತ್ತದೆ, ಉಜ್ಜಿದ ಜಾಗ ತೆಳ್ಳಗಾಗುತ್ತದೆ. ಫೈಲ್‌ನಲ್ಲಿ ತಿದ್ದಿದ 90 ಕೂಡ ಮೊದಲಿಂದ ಅಲ್ಲೇ ಇದ್ದ ಹಾಗೆ ಕೂತಿರುತ್ತದೆ. ಆ ಗುರುತನ್ನು ನಾವೇ ಹುಟ್ಟಿಸಬೇಕು. ಡಿಜಿಟಲ್ ಸಹಿ ಇರುವುದು ಅದಕ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಡಿಜಿಟಲ್ ಸಹಿ ಅಂದ ಕೂಡಲೇ ಎಷ್ಟೋ ಜನ ತಮ್ಮ ಕೈಬರಹದ ಸಹಿಯ ಫೋಟೋ ತೆಗೆದು ಕೊನೆಯ ಪುಟಕ್ಕೆ ಅಂಟಿಸುತ್ತಾರೆ. ಅದು ಬರೀ ಚಿತ್ರ. ಯಾರು ಬೇಕಾದರೂ ಕತ್ತರಿಸಿ ಇನ್ನೊಂದು ಪತ್ರಕ್ಕೆ ಅಂಟಿಸಬಹುದು. ನಿಜವಾದ ಡಿಜಿಟಲ್ ಸಹಿ ಹಾಕುವಾಗ ಸಾಫ್ಟ್‌ವೇರ್ ಇಡೀ ಫೈಲನ್ನು ಓದಿ, ಅದರಿಂದ ಒಂದು ಚಿಕ್ಕ ಗುರುತನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಈಗ ತುಂಬಾ ಬಳಕೆಯಲ್ಲಿರುವ ಎಸ್‌ಎಚ್‌ಎ-256 ವಿಧಾನದಲ್ಲಿ ಫೈಲ್ ಒಂದು ಪುಟದ್ದಿರಲಿ, ಸಾವಿರ ಪುಟದ್ದಿರಲಿ, ಹ್ಯಾಶ್ ಮಾತ್ರ 256 ಬಿಟ್‌ನದ್ದೇ. ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಆ ಹ್ಯಾಶ್‌ಗೆ ಸಹಿ ಮಾಡುವವರು ತಮ್ಮ ಖಾಸಗಿ ಕೀ, ಅಂದರೆ ಗುಟ್ಟಾದ ಒಂದು ದೊಡ್ಡ ಸಂಖ್ಯೆ, ಬಳಸಿ ಮುದ್ರೆ ಒತ್ತುತ್ತಾರೆ. ಈ ಕೀ ಅವರೊಬ್ಬರ ಹತ್ತಿರವೇ ಇರುತ್ತದೆ. ಅದರ ಜೋಡಿಯಾದ ಸಾರ್ವಜನಿಕ ಕೀ ಎಲ್ಲರಿಗೂ ಸಿಗುತ್ತದೆ, ಓದುವವರು ಅದನ್ನು ಬಳಸಿ ತಾಳೆ ನೋಡುತ್ತಾರೆ. 1976ರಲ್ಲಿ ಸಂಶೋಧಕರಾದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಹೀಗೂ ಸಹಿ ಮಾಡಬಹುದು ಅಂತ ಬರೆದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಅದಕ್ಕೆ ಬೇಕಾದ ಗಣಿತ ಹುಡುಕಿದರು. ಆ ವಿಧಾನಕ್ಕೆ ಆರ್‌ಎಸ್‌ಎ ಅನ್ನುವ ಹೆಸರು ಬಂದದ್ದು ಈ ಮೂವರಿಂದ.

ನಾನು ಕಳಿಸಿದ ಕರಡಿಗೆ ಇಂಥ ಸಹಿ ಇದ್ದಿದ್ದರೆ, 30 ಅನ್ನು 90 ಮಾಡಿದ ಗಳಿಗೆಯಲ್ಲೇ ಅದು ಮುರಿಯುತ್ತಿತ್ತು. ಫೈಲ್ ತೆರೆದಾಗ ಎಚ್ಚರಿಕೆ ಬರುತ್ತಿತ್ತು, ಇಲ್ಲವೇ ಸಹಿಯೇ ಮಾಯವಾಗಿರುತ್ತಿತ್ತು. ಯಾವುದಾದರೂ ಒಂದು ನನ್ನ ಕೈ ಹಿಡಿದು ನಿಲ್ಲಿಸುತ್ತಿತ್ತು.

ಇನ್ನು ಪಾಸ್‌ವರ್ಡ್. ನೀವು ಕಳಿಸಿದ ಒಂದು ಫೈಲ್ ಈಗ ಎಷ್ಟು ಕಡೆ ಇದೆ ಅಂತ ಎಣಿಸಿ ನೋಡಿ. ನಿಮ್ಮ ಕಳಿಸಿದ ಮೇಲ್‌ಗಳಲ್ಲಿ, ಅವರ ಇನ್‌ಬಾಕ್ಸ್‌ನಲ್ಲಿ, ಅವರ ಫೋನಿನ ಡೌನ್‌ಲೋಡ್‌ನಲ್ಲಿ, ಎರಡೂ ಕಡೆಯ ಬ್ಯಾಕಪ್‌ನಲ್ಲಿ, ಅವರು ಫಾರ್ವರ್ಡ್ ಮಾಡಿದ ಮೂರನೆಯವರಲ್ಲಿ. ಇಷ್ಟರಲ್ಲಿ ಒಂದು ಫೋನ್ ಕಳೆದರೂ ಸಾಕು. ವಿಳಾಸದ ಮೊದಲ ಎರಡಕ್ಷರ ಹೊಡೆದಾಗ ತಾನಾಗಿ ತುಂಬಿಕೊಳ್ಳುವ ತಪ್ಪು ಹೆಸರಾದರೂ ಸಾಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ "ದಯವಿಟ್ಟು ಆ ಮೇಲ್ ಅಳಿಸಿ" ಅಂತ ಬೇಡಿಕೊಳ್ಳುವುದು ನನಗೆ ಸಾಕಾಗಿದೆ.

ಫೈಲ್ ತೆರೆಯುವಾಗ ಕೇಳುವ ಪಾಸ್‌ವರ್ಡ್ ಒಳಗಿನ ಪ್ರತಿ ಅಕ್ಷರವನ್ನೂ ಓದಲಾಗದ ಹಾಗೆ ಕಲಸಿಡುತ್ತದೆ. ಇದಕ್ಕೆ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಇದನ್ನೆಲ್ಲ ನಿಮಿಷದಲ್ಲಿ ಒಡೆಯುತ್ತಾರಂತೆ ಅಂತ ಹೇಳುವವರು ಹಳೆಯ ಕಾಲದ ಮಾತು ಹೇಳುತ್ತಿದ್ದಾರೆ. ಆಗ ನಿಜಕ್ಕೂ ಹಾಗಿತ್ತು. ಮೊದಲ ಪಿಡಿಎಫ್‌ಗಳ ಬೀಗ 40 ಬಿಟ್‌ನದ್ದು. 2007ರ ಮುಂಚಿನ ವರ್ಡ್, ಎಕ್ಸೆಲ್ ಫೈಲ್‌ಗಳದ್ದೂ ಮಾಮೂಲಿಯಾಗಿ ಅಷ್ಟೇ. ಈಗ ಪಿಡಿಎಫ್‌ನ 2.0 ಆವೃತ್ತಿಯಲ್ಲಿ, 2016ರಿಂದೀಚಿನ ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಇರುವುದು ಎಇಎಸ್ ಅನ್ನುವ ವಿಧಾನದ 256 ಬಿಟ್‌ನ ಬೀಗ. ನಾಲ್ಕೈದು ಸಂಬಂಧವಿಲ್ಲದ ಪದ ಸೇರಿಸಿದ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಅದನ್ನು ಊಹಿಸಿ ಒಡೆಯುವುದು ಆಗದ ಮಾತು. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸಬೇಡಿ, ಫೋನ್ ಮಾಡಿ ಹೇಳಿ. ಇಷ್ಟು ಕಷ್ಟ ಪಡಬಹುದು, ಅಲ್ವಾ?

ಅನುಮತಿಗಳ ವಿಷಯ ಬೇರೆ. ಪ್ರಿಂಟ್ ಬೇಡ, ಕಾಪಿ ಬೇಡ ಅನ್ನುವ ಮಿತಿ ಹಟ ಹಿಡಿದವರನ್ನು ತಡೆಯುವುದಿಲ್ಲ, ನಾನೂ ಒಪ್ಪುತ್ತೇನೆ. ಆದರೆ ದಿನನಿತ್ಯ ಫೈಲ್ ಹಾಳು ಮಾಡುವವರು ಕಳ್ಳರಲ್ಲ, ಕೈತಪ್ಪಿ ಒತ್ತುವ ನಮ್ಮಂಥವರೇ. ಎಕ್ಸೆಲ್ ಹಾಳೆಯಲ್ಲಿ ಸೂತ್ರ ಇರುವ ಖಾನೆಗಳಿಗೆ ಮಾತ್ರ ಬೀಗ ಹಾಕಿ, ಅಂಕಿ ತುಂಬುವ ಖಾನೆಗಳನ್ನು ತೆರೆದಿಡಿ. ಹತ್ತು ಜನ ಆ ಹಾಳೆ ಮುಟ್ಟಿದರೂ ಮೊತ್ತ ತಪ್ಪುವುದಿಲ್ಲ. ಹೊಲಕ್ಕೆ ಬೇಲಿ ಹಾಕುವುದು ದನ ಒಳಗೆ ಬರಬಾರದು ಅಂತ. ಕಳ್ಳ ದಾಟುತ್ತಾನೆ ಅಂತ ಯಾರೂ ಬೇಲಿ ಕೀಳುವುದಿಲ್ಲ.

ವಿರೋಧ: ಬೀಗ ಜಾಸ್ತಿಯಾದರೆ ಮನೆಯವರೇ ಹೊರಗೆ

ನಮ್ಮ ಚಿಕ್ಕಪ್ಪ ತುಂಬಾ ಅಚ್ಚುಕಟ್ಟಿನ ಮನುಷ್ಯ. ವಿಮೆ, ಠೇವಣಿ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಎಲ್ಲವನ್ನೂ ಒಂದೇ ಎಕ್ಸೆಲ್ ಫೈಲ್‌ನಲ್ಲಿ ಬರೆದಿಟ್ಟಿದ್ದರು. ಅದಕ್ಕೆ ಪಾಸ್‌ವರ್ಡ್ ಹಾಕಿದ್ದರು. ಅವರು ಹಠಾತ್ತಾಗಿ ತೀರಿಕೊಂಡರು. ಫೈಲ್ ಇದೆ, ತೆರೆಯುವುದಿಲ್ಲ. ಮಕ್ಕಳ ಹೆಸರು, ಹಳೆಯ ಫೋನ್ ನಂಬರ್, ಮದುವೆಯ ದಿನಾಂಕ, ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೊಡೆದು ನೋಡಿದೆವು. ಕೊನೆಗೆ ಒಂದೊಂದೇ ಕಚೇರಿ ಅಲೆದು, ಕಾಗದ ಕೊಟ್ಟು, ಆರೇಳು ತಿಂಗಳಲ್ಲಿ ಸಿಕ್ಕಷ್ಟು ಲೆಕ್ಕ ಜೋಡಿಸಿದೆವು. ಬಿಟ್ಟುಹೋದದ್ದು ಏನು ಅಂತ ತಿಳಿಯುವ ದಾರಿಯೇ ಇಲ್ಲ. ಮೇಲಿನ ಬರಹ ಹೊಗಳಿದ ಅದೇ 256 ಬಿಟ್ ಬೀಗ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು.

ಒಳ್ಳೆಯ ಪಾಸ್‌ವರ್ಡಿನ ಕತೆ ಇದು. ಕೆಟ್ಟದರ ಕತೆ ಇನ್ನೊಂದು. ಎಷ್ಟೋ ಸಂಸ್ಥೆಗಳು ಕಳಿಸುವ ಪಿಡಿಎಫ್‌ಗೆ ನಿಮ್ಮ ಹುಟ್ಟಿದ ದಿನಾಂಕವೇ ಪಾಸ್‌ವರ್ಡ್. ಹಾಗಂತ ಅದೇ ಮೇಲ್‌ನಲ್ಲಿ ಬರೆದೂ ಇರುತ್ತದೆ. ನೂರು ವರ್ಷಕ್ಕೆ ಸುಮಾರು 36,500 ದಿನ. ಕಂಪ್ಯೂಟರಿಗೆ ಅಷ್ಟನ್ನೂ ಒಂದೊಂದಾಗಿ ಹೊಡೆದು ನೋಡುವುದು ದೊಡ್ಡ ಕೆಲಸವಲ್ಲ. ಓದುವವರಿಗೆ ಪ್ರತಿ ಸಲ ಕಿರಿಕಿರಿ, ಕದಿಯುವವರಿಗೆ ತಡೆಯೇ ಇಲ್ಲ. ಆದರೂ ನಮ್ಮ ಫೈಲ್ ಭದ್ರ ಅಂತ ಎರಡೂ ಕಡೆಯವರು ನೆಮ್ಮದಿಯಿಂದ ಇರುತ್ತಾರೆ. ಈ ನೆಮ್ಮದಿ ಕಂಡರೆ ನನಗೆ ಭಯ.

ಅನುಮತಿಗಳು ದನ ತಡೆಯುವ ಬೇಲಿ ಅಂದರು. ಆ ಬೇಲಿ ಹೇಗಿದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಪಿಡಿಎಫ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ತೆರೆಯಲು, ಇನ್ನೊಂದು ಪ್ರಿಂಟ್, ಕಾಪಿ, ತಿದ್ದುಪಡಿಯ ಮಿತಿ ಬದಲಿಸಲು. ಜನ ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಹಾಕುತ್ತಾರೆ. ಆಗ ಫೈಲ್ ಯಾರಿಗೆ ಬೇಕಾದರೂ ತೆರೆಯುತ್ತದೆ. ತೆರೆಯಿತು ಅಂದರೆ ಅಕ್ಷರಗಳೆಲ್ಲ ಬಿಡಿಸಿಕೊಂಡು ಸಾಫ್ಟ್‌ವೇರಿನ ಕೈಗೆ ಬಂದಾಯಿತು. ಪ್ರಿಂಟ್ ಮಾಡಬೇಡ ಅನ್ನುವುದು ಆ ಸಾಫ್ಟ್‌ವೇರಿಗೆ ಮಾಡಿದ ವಿನಂತಿ ಮಾತ್ರ. ಮರ್ಯಾದಸ್ಥ ಸಾಫ್ಟ್‌ವೇರ್ ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಎಕ್ಸೆಲ್ ಹಾಳೆಯ ರಕ್ಷಣೆ ಇದಕ್ಕಿಂತ ತೆಳು. ಈಗಿನ ಎಕ್ಸೆಲ್ ಉಳಿಸುವ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಅಂದರೆ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿದರೆ ಹಾಳೆಯ ವಿವರ ಬರೆದಿಟ್ಟ ಎಕ್ಸ್‌ಎಂಎಲ್ ಅನ್ನುವ ಪಠ್ಯದಲ್ಲಿ ರಕ್ಷಣೆಯದ್ದೇ ಒಂದು ಸಾಲು ಇರುತ್ತದೆ. ಅದನ್ನು ಅಳಿಸಿ ಮತ್ತೆ ಕಟ್ಟಿದರೆ ಮುಗಿಯಿತು.

ಹಾಗಾದರೆ ಈ ಬೇಲಿ ಯಾರನ್ನು ತಡೆಯಿತು? ಕಣ್ಣು ಕಾಣದವರನ್ನು ತಡೆಯಿತು. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಫೈಲ್‌ನಿಂದ ಅಕ್ಷರ ಎತ್ತಿಕೊಳ್ಳಬೇಕು. ಕಾಪಿ ಬೇಡ ಅಂತ ಹಾಕಿದ ಮಿತಿ ಅದಕ್ಕೂ ಅಡ್ಡ ಬರುತ್ತಿತ್ತು. ಆಮೇಲೆ ಇವರಿಗಾಗಿಯೇ ಬೇರೆ ಅನುಮತಿ ಸೇರಿಸಿದರು. ಅದನ್ನೂ ಮುಚ್ಚಿಡಲು ಬರುತ್ತಿತ್ತು. 2017ರ ಪಿಡಿಎಫ್ 2.0 ಬಂದಾಗ ಆ ಮಿತಿಯನ್ನೇ ಕೈಬಿಟ್ಟು, ಓದುವ ಸಾಫ್ಟ್‌ವೇರ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಅಂತ ಬರೆದರು. ಅಷ್ಟು ವರ್ಷ ಎಷ್ಟು ಜನ ಬಾಗಿಲಲ್ಲೇ ನಿಂತಿದ್ದರೋ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದಾಖಲೆಗಳನ್ನು ದಶಕಗಟ್ಟಲೆ ಕಾಪಾಡುವವರು ಏನು ಮಾಡುತ್ತಾರೆ ನೋಡಿ. ಅವರಿಗಾಗಿಯೇ 2005ರಲ್ಲಿ ಪಿಡಿಎಫ್/ಎ ಅನ್ನುವ ಅಂತರರಾಷ್ಟ್ರೀಯ (ಐಎಸ್‌ಒ) ಮಾನದಂಡ ಬಂತು. ಅದರಲ್ಲಿ ಎನ್‌ಕ್ರಿಪ್ಷನ್‌ಗೆ ಜಾಗವೇ ಇಲ್ಲ. ಮುಂದಿನ ಕಾಲದವರು ತೆರೆಯಬೇಕಾದ ಫೈಲ್‌ಗೆ ಬೀಗ ಇರಬಾರದು ಅಂತ ನಿಯಮವನ್ನೇ ಮಾಡಿದ್ದಾರೆ.

ಉಳಿದದ್ದು ಸಹಿ. ಮೂರರಲ್ಲಿ ಇದಕ್ಕೇ ಬೆಲೆ ಜಾಸ್ತಿ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಆದರೆ ಹ್ಯಾಶ್ ಅಂದರೆ ಗುರುತು ತಪ್ಪುವುದೇ ಇಲ್ಲ ಅನ್ನುವ ಮಾತು ಅರ್ಧ ನಿಜ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಅನ್ನುವ ಸಂಸ್ಥೆಯ ಸಂಶೋಧಕರು ಎರಡು ಬೇರೆ ಬೇರೆ ಪಿಡಿಎಫ್ ಮಾಡಿ ತೋರಿಸಿದರು. ಎಸ್‌ಎಚ್‌ಎ-1 ಅನ್ನುವ ಹಳೆಯ ವಿಧಾನದಲ್ಲಿ ಎರಡಕ್ಕೂ ಹ್ಯಾಶ್ ಒಂದೇ. ಆ ವಿಧಾನದಲ್ಲಿ ಸಹಿಯಾದ ಹಳೆಯ ದಾಖಲೆಗಳು ಎಷ್ಟೋ ಇವೆ. ಎಸ್‌ಎಚ್‌ಎ-256ಕ್ಕೆ ಇನ್ನೂ ಆ ಗತಿ ಬಂದಿಲ್ಲ, ಸರಿ. ಗಣಿತ ಗಟ್ಟಿಯಿದ್ದರೂ ಅದನ್ನು ನೋಡುವ ಕಿಟಕಿ ಗಟ್ಟಿ ಇರಬೇಕಲ್ಲ? ಪಿಡಿಎಫ್‌ನಲ್ಲಿ ಹೊಸ ಬದಲಾವಣೆಯನ್ನು ಹಳೆಯದರ ಕೊನೆಗೆ ಅಂಟಿಸಿಡುವ ಅವಕಾಶ ಇದೆ. ಹಾಗಾಗಿ ಸಹಿ ಫೈಲಿನ ಯಾವ ಭಾಗಕ್ಕೆ ಸೇರಿದ್ದು ಅಂತ ಓದುವ ಸಾಫ್ಟ್‌ವೇರ್ ಹುಷಾರಾಗಿ ನೋಡಬೇಕು. ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕಂಪ್ಯೂಟರಿನಲ್ಲಿ ಪಿಡಿಎಫ್ ಓದುವ 22 ಸಾಫ್ಟ್‌ವೇರ್‌ಗಳಲ್ಲಿ 21ಕ್ಕೆ, ಕಾಣುವ ವಿಷಯ ಬದಲಾಗಿದ್ದರೂ ಸಹಿ ಸರಿಯಿದೆ ಅಂತಲೇ ಹೇಳುವ ಹಾಗೆ ಮೋಸ ಮಾಡಲು ಆಯಿತು. ತಯಾರಕರಿಗೆ ತಿಳಿಸಿ ಆ ದೋಷಗಳನ್ನು ತಿದ್ದಿಸಿದರು. ಆದರೆ ಅಲ್ಲಿಯವರೆಗೆ ಹಸಿರು ಗುರುತು ನೋಡಿ ನಂಬಿದವರು ಯಾವ ಆಧಾರದ ಮೇಲೆ ನಂಬಿದ್ದರು?

ಸಹಿಯ ಹಿಂದೆ, ಈ ಕೀ ಇಂಥವರದ್ದೇ ಅಂತ ಸರ್ಟಿಫಿಕೇಟ್ ಕೊಡುವ ಒಂದು ಸಂಸ್ಥೆ ಇರುತ್ತದೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಅನ್ನುವ ಇಂಥ ಸಂಸ್ಥೆಯೊಳಗೇ ಯಾರೋ ನುಗ್ಗಿ 500ಕ್ಕೂ ಜಾಸ್ತಿ ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು. ಗೂಗಲ್ ಹೆಸರಿನದ್ದೂ ಇತ್ತು. ಅವು ವೆಬ್‌ಸೈಟ್‌ಗಳ ಸರ್ಟಿಫಿಕೇಟ್, ನಿಜ. ಆದರೆ ದಾಖಲೆಯ ಸಹಿ ನಿಂತಿರುವುದೂ ಇಂಥದ್ದೇ ನಂಬಿಕೆಯ ಮೇಲೆ. ಅದೇ ವರ್ಷ ಆ ಸಂಸ್ಥೆ ದಿವಾಳಿಯಾಯಿತು. ಏನೂ ಅನಾಹುತ ಆಗದಿದ್ದರೂ ಸರ್ಟಿಫಿಕೇಟ್‌ಗೆ ಅವಧಿ ಇರುತ್ತದೆ. ಸಹಿ ಹಾಕಿದ ಹೊತ್ತಿನ ನಂಬಿಕಸ್ತ ಸಮಯಮುದ್ರೆ ಜೊತೆಗಿಲ್ಲದಿದ್ದರೆ ಕೆಲವು ವರ್ಷದ ನಂತರ ಅದೇ ಪತ್ರ ತೆರೆದಾಗ ಹಸಿರು ಗುರುತಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣಬಹುದು.

ಆ 30, 90ರ ಕತೆ ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಆದರೆ ಮೂಲ ಕರಡು ಅವರು ಕಳಿಸಿದ ಮೇಲ್‌ನಲ್ಲೇ ಇತ್ತು. ಎರಡು ಫೈಲ್‌ಗಳನ್ನು ಹೋಲಿಸಿ ತೋರಿಸುವ ಸೌಲಭ್ಯ ವರ್ಡ್‌ನಲ್ಲೇ ಇದೆ. ಒಂದು ನಿಮಿಷದಲ್ಲಿ ಆ ಅಂಕಿ ಕೆಂಪಾಗಿ ಎದ್ದು ಕಾಣುತ್ತಿತ್ತು. ನಾನು ಹಾಗೇ ಮಾಡುತ್ತೇನೆ. ನನ್ನ ಕಂಪ್ಯೂಟರಿನ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಒಳಗಿನ ಫೈಲ್‌ಗಳಿಗೆ ಬೇರೆ ಬೀಗ ಇಲ್ಲ. ಮನೆಯ ಲೆಕ್ಕದ ಒಂದು ಪ್ರತಿ ಕಾಗದದ ಮೇಲೆ ಕಪಾಟಿನಲ್ಲಿದೆ, ಹೆಂಡತಿಗೂ ಮಗಳಿಗೂ ಜಾಗ ಗೊತ್ತು. ಹಣ ಕಳಿಸಬೇಕಾದ ಪತ್ರ ಬಂದರೆ, ಸಹಿ ಸರಿ ಇದ್ದರೂ, ನನ್ನ ಹತ್ತಿರ ಮೊದಲೇ ಇರುವ ನಂಬರಿಗೆ ಫೋನ್ ಮಾಡಿ ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿಸಿ ಕೇಳುತ್ತೇನೆ.