ರೋಗಿಗೂ ಪೋಸ್ಟಿಂಗ್

ಎಂ.ಬಿ.ಬಿ.ಎಸ್. ಓದುವವರಿಗೆ ಪೋಸ್ಟಿಂಗ್ ಅಂತ ಇರುತ್ತದೆ. ಕೆಲವು ವಾರ ಮೆಡಿಸಿನ್, ಕೆಲವು ವಾರ ಸರ್ಜರಿ, ಆಮೇಲೆ ಹೆರಿಗೆ ವಾರ್ಡು, ಮಕ್ಕಳ ವಾರ್ಡು. ಕಾಸರಗೋಡಿನಲ್ಲಿ ಈ ಭಾಗ್ಯ ವಿದ್ಯಾರ್ಥಿಗಳಿಗಿಂತ ಎಷ್ಟೋ ಮೊದಲೇ ರೋಗಿಗಳಿಗೆ ಸಿಕ್ಕಿತು. ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಅರ್ಧ ಗಂಟೆ, ತಾಲೂಕು ಆಸ್ಪತ್ರೆಯಲ್ಲಿ ಒಂದು ಗಂಟೆ, ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಒಂದು ರಾತ್ರಿ, ಕೊನೆಗೆ ಮಂಗಳೂರು ಇಲ್ಲವೇ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು. ವಿದ್ಯಾರ್ಥಿಗೆ ಕ್ಲಿನಿಕ್ಕಿನಲ್ಲಿ 80 ಶೇಕಡಾ ಹಾಜರಿ ಇದ್ದರೆ ಸಾಕು. ರೋಗಿಗೆ ಆ ರಿಯಾಯಿತಿಯೂ ಇಲ್ಲ, ಎಲ್ಲ ಕಡೆಯೂ ಹಾಜರಾಗಲೇಬೇಕು.

ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರ ನವೆಂಬರ್ 30ರಂದು. ಮೊದಲ ಐವತ್ತು ಎಂ.ಬಿ.ಬಿ.ಎಸ್. ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ತಡವಾಯಿತು ಎಂದು ಗೊಣಗುವವರಿಗೆ ಲೆಕ್ಕ ಬಾರದು. ಕಲ್ಲು ಹಾಕಿದ ವರ್ಷ ಒಂದನೇ ತರಗತಿಯಲ್ಲಿ ಕೂತಿದ್ದ ಮಗು ಹನ್ನೆರಡನೇ ಮುಗಿಸಿ, ನೀಟ್ ಬರೆದು, ಸರಿಯಾಗಿ 2025ಕ್ಕೆ ಕಾಲೇಜಿನ ಬಾಗಿಲಿಗೆ ಬರುತ್ತದೆ. ಇಷ್ಟು ಕರಾರುವಾಕ್ಕಾದ ಯೋಜನೆ ದೇಶದಲ್ಲಿ ಇನ್ನೊಂದಿದ್ದರೆ ತೋರಿಸಿ.

ನಡುವೆ ಒಂದೇ ಒಂದು ಸಲ ಅವಸರ ನಡೆದದ್ದುಂಟು. 2020ರ ಮಾರ್ಚ್ ಕೊನೆಗೆ ಕರ್ನಾಟಕದವರು ಗಡಿರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬ್ಯುಲೆನ್ಸ್ ನಿಂತಿತು. ಮಂಗಳೂರಿಗೆ ಹೋಗಲಾಗದೆ ಜನ ಸತ್ತರು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಉಕ್ಕಿನಡ್ಕದ ಕಟ್ಟಡ ಏಪ್ರಿಲಿನ ಮೊದಲ ವಾರವೇ ಕೋವಿಡ್ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ವೈದ್ಯರ ತಂಡವೇ ಬಂತು! ಅಂದರೆ ಇಲ್ಲಿ ಆಸ್ಪತ್ರೆ ತೆರೆಯಬೇಕಾದರೆ ದಾರಿ ಮುಚ್ಚಬೇಕು. ದಾರಿ ತೆರೆದ ಮೇಲೆ ಅವಸರ ಯಾರಿಗೆ?

ಇರಲಿ. ಐವತ್ತು ಮಕ್ಕಳು ಇನ್ನು ವಾರ್ಡಿಗೆ ಬರುತ್ತಾರೆ. ಕಲಿತ ಕೆಲಸಗಳನ್ನು ದಾಖಲಿಸುವ ಅವರ ಲಾಗ್‌ಬುಕ್ಕಿನಲ್ಲಿ ರಕ್ತ ತೆಗೆಯುವುದು, ಹೊಲಿಗೆ ಹಾಕುವುದು, ಕ್ಯಾಥೆಟರ್ ಹಾಕುವುದು ಎಲ್ಲವೂ ಇರುತ್ತದೆ. ಈ ಜಿಲ್ಲೆಯಲ್ಲಿ ಮುಖ್ಯವಾಗಿ ಬೇಕಾದ ವಿದ್ಯೆ ಬೇರೆಯೇ ಇದೆ. ಅದು ರೆಫರ್ ಮಾಡುವುದು, ಅಂದರೆ ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುವುದು.

ಹಾವು ಕಚ್ಚಿದವನನ್ನೇ ತೆಗೆದುಕೊಳ್ಳಿ. ಅಡಿಕೆ ತೋಟದ ಸೀಮೆ, ಈ ಕೇಸಿಗೆ ಬರಗಾಲವಿಲ್ಲ. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ಯಂತ್ರ ಬೇಡ. ಎರಡು ಎಂ.ಎಲ್. ರಕ್ತವನ್ನು ಒಣಗಿದ, ಹೊಸ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಡಬೇಕು, ಆಮೇಲೆ ಒಮ್ಮೆ ಬಗ್ಗಿಸಬೇಕು. ಇನ್ನೂ ನೀರಾಗಿ ಹರಿದರೆ ವಿಷಕ್ಕೆ ಮದ್ದಾದ ಆ್ಯಂಟಿವೆನಮ್ ಹತ್ತು ವಯಲ್ (ಸಣ್ಣ ಬಾಟಲಿ) ಶುರು, ಆ ಮದ್ದಿಗೇ ರಿಯಾಕ್ಷನ್ ಆದರೆ ಎಂದು ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ಎಳೆದು ಸಿದ್ಧ. ಗಾಜೇ ಆಗಬೇಕು, ಯಾಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದೇ ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ಟ್ಯೂಬಾದರೆ, ಅಥವಾ ಸೋಪು ಹಾಕಿ ತೊಳೆದ ಗಾಜಾದರೆ, ವಿಷವಿಲ್ಲದವನ ರಕ್ತವೂ ಹರಿದೀತು. ನಡುನಡುವೆ ಎತ್ತಿ ನೋಡುವ ಆತುರಗಾರರಿಂದಲೂ ಪರೀಕ್ಷೆ ಕೆಡುತ್ತದೆ.

ಇಷ್ಟು ಸುಲಭದ ಪರೀಕ್ಷೆಯನ್ನು ಒಬ್ಬನೇ ಮನುಷ್ಯನಿಗೆ ಮೂರು ಆಸ್ಪತ್ರೆಗಳಲ್ಲಿ ಮೂರು ಸಲ ಮಾಡುತ್ತಾರೆ. ಹಿಂದಿನವರ ಚೀಟಿಯಲ್ಲಿ ಫಲಿತಾಂಶ ಇರುವುದಿಲ್ಲವಲ್ಲ! ಹೀಗೆ 20 ನಿಮಿಷ ಗಂಟೆಯಾಗುತ್ತದೆ. ಚೀಟಿಯಲ್ಲಿ ಬರೆಯಬೇಕಾದದ್ದು ಕಚ್ಚಿದ ಹೊತ್ತು, ಪರೀಕ್ಷೆಯ ಹೊತ್ತು ಮತ್ತು ಫಲಿತಾಂಶ, ಎಷ್ಟು ವಯಲ್ ಹೋಯಿತು, ರಿಯಾಕ್ಷನ್ ಆಯಿತೇ, ನಾಡಿ, ಬಿ.ಪಿ., ಮೂತ್ರ ಎಷ್ಟು ಹೋಗಿದೆ, ಆ ಕಡೆ ಯಾರಿಗೆ ಫೋನ್ ಮಾಡಿದ್ದು. ಬರೆಯುವುದು ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂದು. ಅದರ ಕೆಳಗೆ ‘ಬಂಧುಗಳ ಕೋರಿಕೆಯ ಮೇರೆಗೆ’. ಈ ಕೋರಿಕೆ ಹುಟ್ಟುವ ಬಗೆಯನ್ನು ವಿದ್ಯಾರ್ಥಿಗಳು ಹತ್ತಿರ ನಿಂತು ಗಮನಿಸಬೇಕು:

“ಇಲ್ಲಿ ಐಸಿಯು ಬೆಡ್ ಖಾಲಿ ಇಲ್ಲ ಅಕ್ಕ. ಎಲ್ಲಿಗೆ ಕೊಂಡುಹೋಗ್ತೀರಿ?”

“ನೀವು ಹೇಳಿದಲ್ಲಿಗೆ ಡಾಕ್ಟ್ರೆ.”

“ನಾವು ಹೇಳುವ ಹಾಗಿಲ್ಲ.”

“ಹಾಗಾದ್ರೆ ಮಂಗಳೂರಿಗೆ.”

ಕೋರಿಕೆ ದಾಖಲಾಯಿತು, ಸಹಿ ಬಿತ್ತು. ಲಾಗ್‌ಬುಕ್ಕಿನಲ್ಲಿ ನೋಡಿದ್ದು, ನೆರವಾದದ್ದು, ತಾನೇ ಮಾಡಿದ್ದು ಎಂದೆಲ್ಲ ಗುರುತು ಹಾಕಲಿಕ್ಕಿದೆ. ಈ ಒಂದು ವಿದ್ಯೆಯಲ್ಲಿ ಮಕ್ಕಳು ಮೊದಲ ವಾರವೇ ಮೂರನೆಯದಕ್ಕೆ ಏರುತ್ತಾರೆ.

ಇನ್ನು ಗಣಿತ. ಆಂಬ್ಯುಲೆನ್ಸಿನ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್ ಆಕ್ಸಿಜನ್. ಒತ್ತಡ ತೋರಿಸುವ ಮೀಟರಿನ ಮುಳ್ಳು ಅರ್ಧದಲ್ಲಿದ್ದರೆ 750. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 75 ನಿಮಿಷ. ಚೀಲ ಇರುವ ಮಾಸ್ಕಿಗೆ 15 ಲೀಟರ್ ಕೊಟ್ಟರೆ 50 ನಿಮಿಷಕ್ಕೆ ಬರಿದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೆದ್ದಾರಿ ಎಲ್ಲಿ ಅಗೆದಿದೆ, ಸರ್ವಿಸ್ ರಸ್ತೆಯಲ್ಲಿ ಯಾವ ಲಾರಿ ಅಡ್ಡ ನಿಂತಿದೆ, ತಲಪಾಡಿ ಟೋಲಿನಲ್ಲಿ ಸಾಲು ಎಷ್ಟುದ್ದ ಎಂಬುದು ಯಾವ ಶರೀರಶಾಸ್ತ್ರದ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೂ ರೋಗಿಯ ಶ್ವಾಸಕೋಶಕ್ಕಿಂತ ಮೊದಲು ಇದನ್ನು ನೋಡಬೇಕು. ಮುಳ್ಳು ನೋಡದೆ ಸ್ಟ್ರೆಚರ್ ಏರಿಸಿದರೆ ಉಪ್ಪಳ ದಾಟುವಾಗ ಸಿಲಿಂಡರ್ ಸದ್ದಿಲ್ಲದೆ ರಾಜೀನಾಮೆ ಕೊಡುತ್ತದೆ. ಗೇರು ತೋಟದ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲು ಇದೇ ಜಿಲ್ಲೆಗೆ 2000ನೇ ಇಸವಿಯವರೆಗೂ ಹೆಲಿಕಾಪ್ಟರ್ ಬರುತ್ತಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅದರ ಫಲ ಹಾಸಿಗೆ ಹಿಡಿದು ಮಲಗಿದೆ. ರೋಗಿಯನ್ನು ಸಾಗಿಸಲು ಆಕಾಶಮಾರ್ಗ ಯಾಕೋ ಯಾರಿಗೂ ಹೊಳೆಯಲಿಲ್ಲ.

ಗಡಿ ದಾಟಿದರೆ ಬೇರೆಯೇ ಲೋಕ. ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಸುತ್ತಲೇ ಮೂರು ಮೆಡಿಕಲ್ ಕಾಲೇಜುಗಳಿವೆ, ಮೂರೂ ಖಾಸಗಿ. ಅಲ್ಲಿ ರೋಗಿಯ ಸುತ್ತ ವಿದ್ಯಾರ್ಥಿಗಳ ಗುಂಪು. ರೆಪ್ಪೆ ಎಳೆದು ರಕ್ತಹೀನತೆ ನೋಡುವವಳೊಬ್ಬಳು, ಉಗುರು ಒತ್ತುವವನೊಬ್ಬ, ಹೊಟ್ಟೆ ತಟ್ಟುವವನು ಮತ್ತೊಬ್ಬ. ಕೇಸ್ ಪ್ರೆಸೆಂಟೇಶನ್ನಿಗೆ ಕಾಸರಗೋಡಿನ ಕಾಯಿಲೆ ಬಹಳ ಉಪಯುಕ್ತ. ಒಳಬರುವಾಗಲೇ ಅದು ಪೂರ್ತಿ ಬೆಳೆದಿರುತ್ತದೆ.

ಅಡ್ವಾನ್ಸ್ ಕಟ್ಟಿ, ಬಿಲ್ಲು ಚುಕ್ತಾ ಮಾಡಿ, ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂತು. ಕೊನೆಯ ಸಾಲು: ‘ಐದು ದಿನ ಬಿಟ್ಟು ಕ್ರಿಯಾಟಿನಿನ್ (ಮೂತ್ರಪಿಂಡದ) ಪರೀಕ್ಷೆ, ಮನೆಗೆ ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ.’ ಮನೆಯವರು ಕೌಂಟರಿಗೆ ವಾಪಸು ಹೋಗಿ ಕೇಳಿದರು, “ಹತ್ತಿರದ್ದು ಅಂದ್ರೆ ಯಾವುದು ಮೇಡಂ?”

“ಇದೇ ಅಲ್ವಾ?”