ಹೀನಿಯ ‘ಪನಿಶ್‌ಮೆಂಟ್’ ಕವಿತೆಯ ಕದ್ದುನೋಟ: ಒಂದು ಸ್ಪಷ್ಟನೆ

ಐರಿಶ್ ಕವಿ ಶೇಮಸ್ ಹೀನಿಯ ‘ಪನಿಶ್‌ಮೆಂಟ್’ ಕವಿತೆಯಲ್ಲಿ ಕದ್ದುನೋಡುವ ಬಯಕೆಯೇ ಇಲ್ಲ, ಸಿನಿಮಾ ಹೆಣ್ಣನ್ನು ಗಂಡಿನ ನೋಟದ ಸುಖಕ್ಕೆ ಒಡ್ಡುತ್ತದೆಂದು ವಾದಿಸುವ, ಬ್ರಿಟಿಷ್ ಸಿನಿಮಾ ಚಿಂತಕಿ ಲಾರಾ ಮಲ್ವಿಯ ಪ್ರಬಂಧವನ್ನು ಓದಿದ ಮನೋವಿಶ್ಲೇಷಕ ವಿಮರ್ಶಕರು ಅದನ್ನು ಕವಿಯ ತಲೆಗೆ ಕಟ್ಟಿದರು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಜೌಗುನೆಲದಲ್ಲಿ ಸಿಕ್ಕ, ಹುಡುಗಿಯದೆನ್ನಲಾದ ಪ್ರಾಚೀನ ಶವದ ಕೊರಳ ಹಿಂಬದಿಯನ್ನೂ, ಗಾಳಿಗೆ ಒಡ್ಡಿಕೊಂಡ ಎದೆಯನ್ನೂ ಒಂದೊಂದಾಗಿ ನೋಡುತ್ತ ಹೋಗುವ ನಿರೂಪಕ, ತಾನೊಬ್ಬ ಚತುರ ‘ವಾಯರ್’, ಅಂದರೆ ಕದ್ದುನೋಡುಗ, ಎಂದು ತಾನೇ ಹೇಳಿಕೊಳ್ಳುತ್ತಾನೆ. ಆ ಪದ ವಿಮರ್ಶಕರದಲ್ಲ, ಕವಿತೆಯದೇ. ಇದನ್ನೊಳಗೊಂಡ ‘ನಾರ್ತ್’ ಸಂಕಲನ 1975ರ ಜೂನ್‌ನಲ್ಲಿ ಬಂದರೆ, ಮಲ್ವಿಯ ಪ್ರಬಂಧ ಅಚ್ಚಾದದ್ದು ಅದೇ ವರ್ಷದ ಶರತ್ಕಾಲದಲ್ಲಿ. ನೋಟದ ಸುಖವನ್ನು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1905ರಲ್ಲೇ ಚರ್ಚಿಸಿದ್ದನೆಂಬುದು ನಿಜ, ಆದರೆ ಅದರಿಂದ ಈ ಆರೋಪವೇನೂ ಗಟ್ಟಿಯಾಗುವುದಿಲ್ಲ.

ಹಾಗೆಂದು ಕವಿತೆ ಬರೀ ಕಾಮದ ನೋಟವೆನ್ನುವುದೂ ಅವಸರದ ಮಾತು: ಬ್ರಿಟಿಷ್ ಸೈನಿಕರ ಜೊತೆ ಸೇರಿದ್ದಕ್ಕೆ ಶಿಕ್ಷೆಯಾಗಿ ಡಾಂಬರು ಬಳಿಸಿಕೊಂಡ ಉತ್ತರ ಐರ್ಲೆಂಡಿನ ಹುಡುಗಿಯರ ಮುಂದೆ ತಾನು ಮೂಕನಾಗಿ ನಿಂತದ್ದನ್ನೂ ನಿರೂಪಕ ಒಪ್ಪಿಕೊಳ್ಳುತ್ತಾನೆ. ಇನ್ನೊಂದು ವಿಚಿತ್ರವಿದೆ. ಕವಿತೆಗೆ ಪ್ರೇರಣೆಯಾದ, 1952ರಲ್ಲಿ ಜರ್ಮನಿಯ ವಿಂಡೆಬಿಯಲ್ಲಿ ದೊರೆತ ಆ ‘ಹುಡುಗಿ’ ಬಹುಶಃ ಹದಿಹರೆಯದ ಹುಡುಗನೆಂದು ನಂತರದ ಪರೀಕ್ಷೆಗಳು ಸೂಚಿಸಿವೆ. ನೋಡುವವನ ಬಯಕೆಯೇ ಕಾಣುವುದನ್ನು ರೂಪಿಸುತ್ತದೆಂಬ ಓದಿಗೆ ಇದಕ್ಕಿಂತ ಒಳ್ಳೆಯ ಪುಷ್ಟಿ ನನಗೆ ಕಂಡಿಲ್ಲ.